ಗಂಟಲು ಸರಿಮಾಡಿಕೊಳ್ಳುವ ಸದ್ದಿಗೆ ಕಾಗುಣಿತ ಯಾವುದು?

ಪ್ರಶ್ನೆ: ನಾನು ಸಣ್ಣ ಕಥೆ ಬರೆಯುತ್ತೇನೆ. ಒಂದು ಕಥೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಿದೆ. ಹುಡುಗಿಯ ಅಪ್ಪ ಮಾತು ಶುರುಮಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರೆ. 'ರಾಯರು "ಅಹಂ... ಅಹಂ..." ಎಂದರು' ಅಂತ ಬರೆದಿದ್ದೆ. ಓದಿದ ಗೆಳತಿ "ಅವರಿಗೆ ಅಹಂ ಜಾಸ್ತಿ ಅಂತಾನಾ?" ಎಂದು ಕೇಳಿದಳು. "ಉಹುಂ... ಉಹುಂ..." ಅಂತ ತಿದ್ದಿದೆ. ಈಗ "ಅವರು ಸಂಬಂಧ ಬೇಡ ಅಂದ್ರಾ?" ಎನ್ನುತ್ತಿದ್ದಾಳೆ. ಕೆಮ್ಮು, ಸೀನು, ತೇಗು, ಬಿಕ್ಕಳಿಕೆ, ಇವಕ್ಕೆಲ್ಲ ಕನ್ನಡದಲ್ಲಿ ಸರಿಯಾದ ಕಾಗುಣಿತ ಅಂತ ಇದೆಯೇ? ಎಳೆದು ಹೇಳುವ ಸದ್ದನ್ನು ಟೈಪ್ ಮಾಡುವುದು ಹೇಗೆ?

ಉತ್ತರ: ನಿಮ್ಮ ಗೆಳತಿಯಂಥ ಓದುಗರು ಎಲ್ಲ ಬರಹಗಾರರಿಗೂ ಸಿಗಬೇಕು. ಎರಡು ಸಲವೂ ಅವರು ಹಿಡಿದದ್ದು ನಿಜವಾದ ತೊಡಕನ್ನೇ. ಅದು ಯಾಕೆ ತೊಡಕು ಅಂತ ಗೊತ್ತಾದರೆ ಉಳಿದದ್ದು ಸಲೀಸು.

"ಅಹಂ" ನಮ್ಮ ಬರವಣಿಗೆಗೆ ಬಂದದ್ದು ಇಂಗ್ಲಿಷ್ ಕಥೆಗಳಿಂದ, ಕಾಮಿಕ್ಸ್‌ಗಳಿಂದ. ಅಲ್ಲಿ "ಅಹೆಮ್" ಅನ್ನುವುದು ಗಂಟಲು ಸರಿಮಾಡಿಕೊಳ್ಳುವ ಸದ್ದಿಗೆ ಗೊತ್ತುಮಾಡಿದ ಬರವಣಿಗೆ. ಅದು ಎಷ್ಟು ಬಳಕೆಯಾಗಿದೆ ಅಂದರೆ, ಇಂಗ್ಲಿಷ್ ಮಾತಾಡುವವರು ಕೆಲವೊಮ್ಮೆ ಗಂಟಲು ಸರಿಮಾಡಿಕೊಳ್ಳುವ ಬದಲು ಆ ಪದವನ್ನೇ ಬಾಯಿಬಿಟ್ಟು ಹೇಳುತ್ತಾರೆ. ಕನ್ನಡದಲ್ಲಿ ಆ ಜಾಗ ಖಾಲಿ ಇಲ್ಲ. "ಅಹಂ" ಅಂದರೆ ಸಂಸ್ಕೃತದಲ್ಲಿ "ನಾನು", ನಮ್ಮ ದಿನಬಳಕೆಯಲ್ಲಿ ಸೊಕ್ಕು. ಓದುವ ಕಣ್ಣು ಅಕ್ಷರ ಕೂಡಿಸಿಕೊಂಡು ಹೋಗುವುದಿಲ್ಲ. ಗುರುತಿರುವ ಪದ ಕಂಡ ತಕ್ಷಣ ಅರ್ಥ ಹಿಡಿದುಬಿಡುತ್ತದೆ. ಆಮೇಲೆ ಸಂದರ್ಭ ನೋಡಿ ಸರಿಪಡಿಸಿಕೊಳ್ಳಬಹುದು, ನಿಜ. ಆದರೆ ಅಷ್ಟರಲ್ಲಿ ಓದುಗ ಕಥೆಯಿಂದ ಒಂದು ಹೆಜ್ಜೆ ಹೊರಗೆ ಬಂದಿರುತ್ತಾನೆ.

"ಉಹುಂ" ಇನ್ನೂ ಇಕ್ಕಟ್ಟಿನದು. ಮೂಗಿನಲ್ಲಿ ಹೊರಡಿಸುವ ಸದ್ದುಗಳನ್ನು ನಾವು ಆಗಲೇ ಮಾತಾಗಿ ಹಂಚಿಕೊಂಡುಬಿಟ್ಟಿದ್ದೇವೆ. ಹೂಂ ಅಂದರೆ ಒಪ್ಪಿಗೆ. ಊಹೂಂ ಅಂದರೆ ಇಲ್ಲ, ಬೇಡ. ಹಾಂ ಅಂದರೆ ಸರಿ, ಗೊತ್ತಾಯ್ತು. ಆಂ? ಅಂದರೆ ಏನಂದ್ರಿ, ಕೇಳಿಸಲಿಲ್ಲ. ಇವು ಬರೀ ಸದ್ದಲ್ಲ, ಪೂರ್ತಿ ಪದಗಳು. ಧಾರವಾಡದ ಕಡೆ ಹಿರಿಯರಿಗೆ "ಹೂನ್ರೀ" ಅನ್ನುತ್ತಾರೆ. ಗೌರವದ "ರೀ" ಅಂಟಿಸಿಕೊಳ್ಳಬೇಕಾದರೆ ಅದು ಪದವೇ ಆಗಿರಬೇಕು, ಅಲ್ವಾ? ಅಜ್ಜಿ ಕಥೆ ಹೇಳುವಾಗ ಮೊಮ್ಮಗು ಹೂಂಗುಟ್ಟುತ್ತಿರಬೇಕು, ಇಲ್ಲದಿದ್ದರೆ ಕಥೆ ನಿಲ್ಲುತ್ತದೆ. "ಹೂಂಗುಟ್ಟು" ಅನ್ನುವ ಕ್ರಿಯಾಪದವೇ ನಮ್ಮಲ್ಲಿದೆ. ಹೂಂ ಒಂದೇ ಎಳೆತದ್ದು, ಊಹೂಂ ಎರಡು ತುಂಡಿನದು. ಗಂಟಲು ಸರಿಮಾಡಿಕೊಳ್ಳುವ ಸದ್ದೂ ಸಾಮಾನ್ಯವಾಗಿ ಎರಡು ತುಂಡಾಗಿಯೇ ಬರುತ್ತದೆ. ಹಾಗಾಗಿ ಬಾಯಿಮುಚ್ಚಿದ ಎರಡು ತುಂಡಿನ ಸದ್ದನ್ನು ಹೇಗೇ ಬರೆದರೂ ಕನ್ನಡದವರಿಗೆ "ಬೇಡ" ಅಂತಲೇ ಕೇಳಿಸುತ್ತದೆ. ಹೆಣ್ಣು ನೋಡಲು ಬಂದ ಮನೆಯಲ್ಲಿ ಹುಡುಗಿಯ ಅಪ್ಪ ಎರಡು ಸಲ ಉಹುಂ ಅಂದರೆ ಸಂಬಂಧ ಮುರಿದಂತೆಯೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಸರಿಯಾದ ಕಾಗುಣಿತ ಅಂತ ಒಂದಿಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಗಂಟಲು ಸರಿಮಾಡಿಕೊಳ್ಳುವಾಗ ಏನಾಗುತ್ತದೆ ನೋಡಿ. ಧ್ವನಿಪೆಟ್ಟಿಗೆಯ ಒಳಗಿರುವ ಎರಡು ಧ್ವನಿತಂತುಗಳು ಹತ್ತಿರ ಬಂದು ಬಿಗಿಯಾಗುತ್ತವೆ. ಎದೆಯಿಂದ ಗಾಳಿ ಒತ್ತಿಕೊಂಡು ಬಂದು ಅವನ್ನು ಒರಟಾಗಿ ಅದುರಿಸುತ್ತದೆ. ಅಲ್ಲಿ ಅಂಟಿಕೊಂಡಿದ್ದ ಕಫ ಅಲುಗುತ್ತದೆ. ಇದರಲ್ಲಿ ನಾಲಿಗೆಗೂ ತುಟಿಗೂ ಹೆಚ್ಚು ಕೆಲಸವಿಲ್ಲ. ನಮ್ಮ ವರ್ಗಾಕ್ಷರಗಳನ್ನು ಜೋಡಿಸಿರುವುದು ಮಾತ್ರ ನಾಲಿಗೆ, ತುಟಿ ಎಲ್ಲೆಲ್ಲಿ ತಾಗುತ್ತವೆ ಅನ್ನುವುದರ ಮೇಲೆ. ಕ ವರ್ಗ ಬಾಯಿಯ ಹಿಂಭಾಗದಲ್ಲಿ, ಪ ವರ್ಗ ತುಟಿಯಲ್ಲಿ. ಗಂಟಲಿನ ಆಳಕ್ಕೆ ಇರುವುದು ಹ ಮತ್ತು ವಿಸರ್ಗ ಅಷ್ಟೇ. ಅವೂ ಗಾಳಿಯನ್ನು ಸರಾಗವಾಗಿ ಹೊರಗೆ ಬಿಡುವಂಥವು. ಗಂಟಲು ಸರಿಮಾಡಿಕೊಳ್ಳುವ ಸದ್ದಿನ ಒರಟುತನ ಅವುಗಳಲ್ಲಿಲ್ಲ. ಯಾವ ಅಕ್ಷರ ಹಾಕಿದರೂ ಅದು ಆ ಸದ್ದಿನ ಹತ್ತಿರ ಹೋಗುತ್ತದೆ, ಅಷ್ಟೇ. ಸೀನು ಎಲ್ಲರಿಗೂ ಒಂದೇ ಥರ ಬಂದರೂ ಫ್ರೆಂಚರು ಅದನ್ನು "ಆಚೂಮ್" ಎಂದು ಬರೆಯುತ್ತಾರೆ, ಜರ್ಮನ್ನರು "ಹಾಚಿ" ಎಂದು, ಜಪಾನೀಯರು "ಹಕುಶೋನ್" ಎಂದು. ನಾವು "ಅಕ್ಷೀ" ಅನ್ನುತ್ತೇವೆ. ಯಾರದೂ ತಪ್ಪಲ್ಲ.

ಆದರೆ ಕನ್ನಡದಲ್ಲಿ ಇನ್ನೊಂದು ದಾರಿ ಇದೆ, ನಾನು ಒತ್ತಿ ಹೇಳಬೇಕು ಅಂದುಕೊಂಡಿರುವುದೂ ಅದನ್ನೇ. ನಮ್ಮ ಭಾಷೆ ಸದ್ದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ತೋರಿಸುವುದಕ್ಕಿಂತ, ವಾಕ್ಯದೊಳಗೇ ಹೆಣೆದು ಹೇಳುವುದರಲ್ಲಿ ಪಳಗಿದೆ. ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಓದಿರುತ್ತೀರಿ. ದಡದಡ, ಪಟಪಟ, ಜುಳುಜುಳು ಅಂತ ಪಟ್ಟಿ ಉರುಹೊಡೆದು, ಒಂದು ಅಂಕ ತೆಗೆದುಕೊಂಡು ಮರೆತುಬಿಡುತ್ತೇವೆ. ಬರೆಯುವವರಿಗೆ ಅದೊಂದು ದೊಡ್ಡ ಆಸ್ತಿ. ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಇಂಥ ಸದ್ದಿನ ಪದಗಳಿಗೂ ಜಾಗ ಕೊಟ್ಟಿದ್ದಾರೆ. 1930ರ ದಶಕದಲ್ಲಿ ನೀಲಗಿರಿ ಮತ್ತು ಕೊಡಗಿನ ನುಡಿಗಳನ್ನು ಬರೆದುಕೊಂಡ ಭಾಷಾವಿಜ್ಞಾನಿ ಎಂ. ಬಿ. ಎಮೆನೋ, 1969ರಲ್ಲಿ ಈ ಪದಗಳ ಮೇಲೇ ಒಂದು ಲೇಖನ ಬರೆದರು. ದ್ರಾವಿಡ, ಆರ್ಯ, ಮುಂಡಾ ಅನ್ನುವ ನುಡಿಕುಟುಂಬಗಳ ಭೇದವಿಲ್ಲದೆ ಭಾರತದ ನುಡಿಗಳೆಲ್ಲ ಈ ಗುಣವನ್ನು ಹಂಚಿಕೊಂಡಿವೆ ಅನ್ನುವುದು ಅವರು ತೋರಿಸಿಕೊಟ್ಟ ವಿಷಯ. ಹಾಗಾಗಿ ಇದು ಮಕ್ಕಳ ಮಾತು, ಗಂಭೀರ ಬರಹಕ್ಕೆ ಒಗ್ಗುವುದಿಲ್ಲ ಅನ್ನುವ ಅಳುಕು ಬೇಡ.

ಈ ಪದಗಳ ಕಟ್ಟಣೆ ಗಮನಿಸಿ. ಸದ್ದು ಬಿಡದೆ ನಡೆಯುತ್ತಿದ್ದರೆ ಪದ ಜೋಡಿಯಾಗುತ್ತದೆ: ಗಟಗಟ ಕುಡಿದ, ಗೊರಗೊರ ಗೊರಕೆ ಹೊಡೆದ, ಕಟಕಟ ಹಲ್ಲು ಕಡಿದ. ಒಂದೇ ಸಲ, ಥಟ್ಟನೆ ಆಗಿ ಮುಗಿದರೆ ಒತ್ತಕ್ಷರ ಬಂದು ಕೊನೆಗೆ "ನೆ" ಸೇರುತ್ತದೆ: ಗಟಕ್ಕನೆ ನುಂಗಿದ, ಪಿಚಕ್ಕನೆ ಉಗಿದ, ಕಿಸಕ್ಕನೆ ನಕ್ಕ, ಲಟಕ್ಕನೆ ನೆಟಿಗೆ ಮುರಿದ. "ಪಿಚಪಿಚ"ಕ್ಕೂ "ಪಿಚಕ್ಕನೆ"ಗೂ ಎಷ್ಟು ವ್ಯತ್ಯಾಸ! ಒಂದು ಕೆಸರಿನ ದಾರಿ, ಇನ್ನೊಂದು ಎಲೆಅಡಿಕೆ ಹಾಕಿದ ಬಾಯಿ. ಎಷ್ಟು ಹೊತ್ತು, ಎಷ್ಟು ಸಲ ಅನ್ನುವುದನ್ನೆಲ್ಲ ಒಂದು ಪದದ ಆಕಾರವೇ ಹೇಳಿಬಿಡುತ್ತದೆ.

ಸ್ವರವೂ ಕೆಲಸ ಮಾಡುತ್ತದೆ. ಸಣ್ಣ, ಚೂಪಾದ ಸದ್ದಿಗೆ ಇ: ಕಿಲಕಿಲ, ಕಿಸಕಿಸ, ಪಿಸುಪಿಸು. ತೆರೆದ ಸದ್ದಿಗೆ ಅ: ಪಕಪಕ, ಗಹಗಹ. ದಪ್ಪ, ತೇವದ, ಒಳಗಿನಿಂದ ಬರುವ ಸದ್ದಿಗೆ ಒ: ಗೊಳ್ಳನೆ, ಗೊರಗೊರ, ಲೊಚಲೊಚ. ಎಲ್ಲ ಪದಕ್ಕೂ ಇದು ಹೊಂದುವುದಿಲ್ಲ. ಆದರೆ ಹೊಸದೊಂದು ಸದ್ದಿಗೆ ಪದ ಕಟ್ಟಬೇಕಾದಾಗ ಕಿವಿಗೆ ಒಳ್ಳೆಯ ದಾರಿ ತೋರಿಸುತ್ತದೆ.

ಕ್ರಿಯಾಪದ ಮಾಡುವುದಕ್ಕೂ ಸುಲಭದ ದಾರಿಗಳಿವೆ. "ಗುಟ್ಟು" ಸೇರಿಸಿದರೆ ಪಿಸುಗುಟ್ಟು, ಬುಸುಗುಟ್ಟು, ಲೊಚಗುಟ್ಟು, ವಟಗುಟ್ಟು. "ಇಸು" ಸೇರಿದರೆ ಗಹಗಹಿಸು, ಚಪ್ಪರಿಸು, ಹೂಂಕರಿಸು, ಕ್ಯಾಕರಿಸು. ಈ ಕೊನೆಯದು ನಿಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಕ್ಯಾಕರಿಸುವುದು ಅಂದರೆ ಗಂಟಲಿನ ಕಫವನ್ನು ಎಳೆದು ಬಾಯಿಗೆ ತರುವುದು. ಆ "ಕ್ಯಾ"ದಲ್ಲೇ ಸದ್ದು ಇದೆ. "ಕ್ಯಾಕರಿಸಿ ಉಗಿದ" ಅಂದರೆ ಓದುಗನಿಗೆ ಕೇಳಿಸುತ್ತದೆ, ಅಸಹ್ಯವೂ ಆಗುತ್ತದೆ. ರಾಯರಿಗೆ ಮಾತ್ರ ಇದನ್ನು ಬಳಸಬೇಡಿ. ಅವರು ಗಂಟಲು ಸರಿಮಾಡಿಕೊಳ್ಳುವವರು, ಕ್ಯಾಕರಿಸುವವರಲ್ಲ. ಎರಡೂ ಗಂಟಲಿನದೇ ಕೆಲಸ. ಆದರೆ ಯಾವ ಪದ ಆರಿಸುತ್ತೀರಿ ಅನ್ನುವುದರ ಮೇಲೆ ಮನುಷ್ಯನೇ ಬದಲಾಗುತ್ತಾನೆ.

ಹಾಗಾದರೆ ಸದ್ದನ್ನು ಅಕ್ಷರದಲ್ಲೇ ಬರೆಯುವುದು ಯಾವಾಗ? ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಸದ್ದು ಯಾರಾದರೂ ಕೇಳಲಿ ಅಂತ ಮಾಡಿದ್ದೇ?

ಗಂಟಲು ಕೆರೆದು ತಾನಾಗಿ ಬಂದ ಕೆಮ್ಮು ದೇಹದ್ದು. ಅದನ್ನು ಹೇಳಿದರೆ ಸಾಕು. ಬೇಕೆಂದೇ ಕೆಮ್ಮಿದ ಕೆಮ್ಮು ಮಾತು. ಅದಕ್ಕೆ ನಮ್ಮಲ್ಲಿ ಹುಸಿಕೆಮ್ಮು ಅನ್ನುವ ಒಳ್ಳೆಯ ಪದವಿದೆ. ಹಳೆಯ ಕಾಲದ ಮನೆಗಳಲ್ಲಿ ಹಿರಿಯ ಗಂಡಸರು ಒಳಗೆ ಬರುವ ಮುಂಚೆ ಬಾಗಿಲಲ್ಲಿ ಕೆಮ್ಮುತ್ತಿದ್ದರು. ಹೆಂಗಸರು ಆರಾಮವಾಗಿ ಕೂತಿದ್ದರೆ ಸೆರಗು ಸರಿಮಾಡಿಕೊಳ್ಳಲಿ, ಮಾತು ಬದಲಿಸಲಿ ಅಂತ. ಚಿಲಕ ಇಲ್ಲದ ಬಚ್ಚಲಮನೆಯಲ್ಲಿ ಒಳಗಿದ್ದವರು ಕೆಮ್ಮಿದರೆ "ಜನ ಇದೀವಿ, ಬರಬೇಡಿ" ಅಂತ ಅರ್ಥ. ಸಭೆಯಲ್ಲಿ ಭಾಷಣ ಉದ್ದವಾದಾಗ ಮುಂದಿನ ಸಾಲಿನಿಂದ ಕೇಳಿಬರುವ ಕೆಮ್ಮಿಗೂ ಒಂದು ಅರ್ಥ ಇದೆ. ಇಂಥ ಸದ್ದಿಗೆ ಹೇಳುವವರಿದ್ದಾರೆ, ಕೇಳುವವರಿದ್ದಾರೆ. ಹಾಗಾಗಿ ಸಂಭಾಷಣೆಯ ಹಾಗೆ ಉದ್ಧರಣ ಚಿಹ್ನೆಯೊಳಗೆ ಕೂರುವ ಹಕ್ಕು ಅದಕ್ಕಿದೆ.

ನಿಮ್ಮ ವಾಕ್ಯವನ್ನೇ ತೆಗೆದುಕೊಳ್ಳೋಣ. ರಾಯರು ಸುಮ್ನೆ ಅಭ್ಯಾಸಕ್ಕೆ ಗಂಟಲು ಸರಿಮಾಡಿಕೊಂಡರೆ ಹೀಗೆ ಬರೆಯಬಹುದು:

ರಾಯರು ಗಂಟಲು ಸರಿಮಾಡಿಕೊಂಡರು. "ಹುಡುಗನಿಗೆ ಕೆಲಸ ಎಲ್ಲಿ?"

ಇಷ್ಟೇ ಸಾಕು. ಗಂಟಲು ಹೇಗೆ ಸದ್ದು ಮಾಡುತ್ತದೆ ಅಂತ ಓದುಗನಿಗೆ ಗೊತ್ತು, ಅವನ ಹತ್ತಿರವೂ ಒಂದು ಗಂಟಲು ಇದೆ. ಮನೆಯಲ್ಲಿ ರಾಯರ ಸ್ಥಾನ ಏನು ಅಂತ ತೋರಿಸಬೇಕಾದರೆ ಹೀಗೆ:

ಒಳಗಿನಿಂದ ಒಂದು ಕೆಮ್ಮು ಕೇಳಿಸಿತು. ಹೆಂಗಸರ ಮಾತು ನಿಂತಿತು. ರಾಯರು ಬಂದು ಕುರ್ಚಿ ಎಳೆದುಕೊಂಡರು.

ಇಲ್ಲಿ ಕೆಮ್ಮಿಗೆ ಕಾಗುಣಿತವೇ ಇಲ್ಲ, ಆದರೂ ಅದರ ಗಾತ್ರ ಗೊತ್ತಾಗುತ್ತದೆ. ಬೇರೆಯವರು ಏನು ಮಾಡಿದರು ಅನ್ನುವುದೇ ಆ ಸದ್ದನ್ನು ಕೇಳಿಸುತ್ತದೆ. ನನಗೆ ಈ ದಾರಿ ಎಲ್ಲಕ್ಕಿಂತ ಇಷ್ಟ. ಇನ್ನು, ಹರಟೆ ಹಳಿ ತಪ್ಪಿ ಎಲ್ಲೋ ಹೋಗಿದೆ, ರಾಯರು ಅದನ್ನು ಬೇಕೆಂದೇ ತಡೆಯುತ್ತಾರೆ ಅಂದುಕೊಳ್ಳಿ:

ಮಾತು ಮಳೆಯಿಂದ ಅಡಿಕೆ ರೇಟಿಗೆ, ಅಲ್ಲಿಂದ ಊರಿನ ಬಸ್ಸಿಗೆ ಬಂದು ನಿಂತಿತ್ತು. "ಎಹ್ಹೆಂ!" ಎಲ್ಲರೂ ತಿರುಗಿದರು. "ಹುಡುಗನಿಗೆ ಕೆಲಸ ಎಲ್ಲಿ ಅಂದ್ರಿ?"

"ಎಹ್ಹೆಂ" ನನ್ನ ಆಯ್ಕೆ. ಕಾರಣ ಹೇಳುತ್ತೇನೆ. ಎ ಸ್ವರದಿಂದ ಶುರುವಾದರೆ ಅಹಂ, ಊಹೂಂ ಎರಡರಿಂದಲೂ ದೂರ ಇರುತ್ತದೆ. ಹಕಾರಕ್ಕೆ ಒತ್ತು ಕೊಟ್ಟಾಗ ಗಾಳಿಯ ನೂಕು ಕಾಣುತ್ತದೆ. ಕೊನೆಯ ಸೊನ್ನೆ ಬಾಯಿ ಮುಚ್ಚಿಸುತ್ತದೆ. ಈ ಅಕ್ಷರಗಳಿಗೆ ಬೇರೆ ಅರ್ಥವೂ ಇಲ್ಲ. ನಿಮಗೆ "ಖ್ಹೆಂ" ಚೆನ್ನಾಗಿ ಕೇಳಿಸಿದರೆ ಅದನ್ನೇ ಇಟ್ಟುಕೊಳ್ಳಿ. ಆದರೆ ಒಂದು ಕಥೆಯಲ್ಲಿ ಒಂದೇ ರೂಪ ಇರಲಿ, ಒಂದು ಸಲಕ್ಕಿಂತ ಜಾಸ್ತಿ ಬೇಡ. ಮುಂದಿನ ಸಲ "ರಾಯರು ಮತ್ತೆ ಗಂಟಲು ಸರಿಮಾಡಿಕೊಂಡರು" ಅಂದರೆ ಓದುಗನ ಕಿವಿಗೆ ಆ ಮೊದಲ ಎಹ್ಹೆಂ ತಾನಾಗಿ ಬರುತ್ತದೆ.

ನಾಟಕ ಬರೆಯುವವರ ಕೆಲಸ ಬೇರೆ. ಅಲ್ಲಿ "(ಗಂಟಲು ಸರಿಮಾಡಿಕೊಳ್ಳುತ್ತಾ)" ಅಂತ ಆವರಣದಲ್ಲಿ ಸೂಚನೆ ಕೊಟ್ಟು ನಟರಿಗೆ ಬಿಡಬೇಕು. ಅಕ್ಷರ ಕೊಟ್ಟರೆ ಹೊಸ ನಟರು ಅದನ್ನು ಪದದ ಹಾಗೆ ಓದಿಬಿಡುತ್ತಾರೆ. ಯಕ್ಷಗಾನದಲ್ಲಿ ಇದು ಇನ್ನೂ ಸ್ಪಷ್ಟ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯಗಳು. ಮಾತು ವೇಷಧಾರಿಯೇ ಕಟ್ಟಬೇಕು. ಬಣ್ಣದ ವೇಷ ರಂಗಕ್ಕೆ ಬರುವಾಗಿನ ಆ ಆರ್ಭಟ, ಅಟ್ಟಹಾಸ ಯಾವ ಪ್ರಸಂಗದಲ್ಲೂ ಅಕ್ಷರವಾಗಿ ಬರೆದಿಟ್ಟದ್ದಲ್ಲ. ಕೇಳಿ ಕಲಿತು, ಗಂಟಲಿನಿಂದ ಗಂಟಲಿಗೆ ದಾಟಿ ಬಂದದ್ದು. ಸಿನಿಮಾ ಅಡಿಬರಹವೂ ಹಾಗೆಯೇ. ಕಿವಿ ಕೇಳದವರು ಓದುವಾಗ "ಖಕ್ ಖಕ್" ಅಂದರೆ ಯಾರ ಸದ್ದು, ಯಾವ ಸದ್ದು ಅಂತ ಗೊತ್ತಾಗುವುದಿಲ್ಲ. "ಅಪ್ಪ ಕೆಮ್ಮುತ್ತಾರೆ" ಅಂತಲೇ ಬರೆಯಬೇಕು.

ಇನ್ನು ಉಳಿದ ಸದ್ದುಗಳು.

ಕೆಮ್ಮಿನಲ್ಲಿ ಬಗೆಗಳಿವೆ, ಬರೆಯುವವರು ಅದನ್ನು ಗಮನಿಸಬೇಕು. ಒಣಕೆಮ್ಮಿಗೆ "ಖಕ್ ಖಕ್" ಸರಿ. ಅಕಾರ, ಮೊಟಕಾದ ಕೊನೆ. ಕಫದ ಕೆಮ್ಮಿಗೆ "ಖೊಳ್ ಖೊಳ್". ಒಕಾರ ಬಂದು ಎದೆಯ ಆಳ ತೋರಿಸುತ್ತದೆ, ಳಕಾರ ತೇವ ತರುತ್ತದೆ. ಗೂರಲು ಇರುವವರ ಎದೆಯಲ್ಲಿ ಗೊರಗೊರ ಸದ್ದು, ಕೆಲವರಿಗೆ ಸುಂಯ್ ಅನ್ನುವ ಸಿಳ್ಳೆ. ಮಕ್ಕಳ ನಾಯಿಕೆಮ್ಮಿಗಂತೂ ಕೆಮ್ಮಿನ ಸದ್ದನ್ನು ಕೇಳಿಯೇ ಹೆಸರಿಟ್ಟಿದ್ದಾರೆ. ಮಗು ಕೆಮ್ಮಿ ಕೆಮ್ಮಿ ಉಸಿರು ಖಾಲಿಯಾಗಿ, ಕೊನೆಗೆ ಜೋರಾಗಿ ಗಾಳಿ ಎಳೆದುಕೊಳ್ಳುತ್ತದೆ. ಆ ಎಳೆತವನ್ನು ಬರೆಯಲು ಕನ್ನಡದಲ್ಲಿ ಅಕ್ಷರವೇ ಇಲ್ಲ, ಯಾಕೆಂದರೆ ನಮ್ಮ ಅಕ್ಷರಗಳೆಲ್ಲ ಉಸಿರು ಹೊರಗೆ ಬಿಡುವಾಗ ಹುಟ್ಟುವಂಥವು. "ಉಸಿರು ಒಳಗೆಳೆದುಕೊಂಡಿತು" ಅಂತ ಹೇಳುವುದೊಂದೇ ದಾರಿ. ಮಾತಿನಲ್ಲಿ ಖಕಾರ ಘಕಾರಗಳನ್ನು ಸಡಿಲವಾಗಿ ನುಡಿಯುವವರು ಕೂಡ ಸದ್ದು ಬರೆಯುವಾಗ ಮಹಾಪ್ರಾಣಕ್ಕೇ ಕೈಚಾಚುತ್ತಾರೆ: ಖೊಕ್, ಘಮ್, ಭುಸ್, ಝಲ್, ಢಂ. ಉಸಿರಿನ ನೂಕು ಬೇಕಾದಾಗ ಆ ಅಕ್ಷರಗಳು ಕೈಹಿಡಿಯುತ್ತವೆ.

ಸೀನಿಗೆ "ಅಕ್ಷೀ", "ಹಾಕ್ಷೀ" ಎರಡೂ ಎಲ್ಲರಿಗೂ ಗೊತ್ತಾಗುತ್ತವೆ. ಇಲ್ಲಿ ಕಾಗುಣಿತಕ್ಕಿಂತ ಎಣಿಕೆ ಮುಖ್ಯ. ಒಂಟಿ ಸೀನು ಅಪಶಕುನ, ಜೋಡಿ ಸೀನು ಒಳ್ಳೆಯದು ಅಂತ ನಮ್ಮಲ್ಲಿ ನಂಬಿಕೆ. ಹೊರಟವರು ಒಂಟಿ ಸೀನು ಕೇಳಿದರೆ ಕೂತು ನೀರು ಕುಡಿದು ಹೊರಡುತ್ತಾರೆ. ನಿಮ್ಮ ಕಥೆಯಲ್ಲಿ ಹೆಣ್ಣು ನೋಡುವ ಹೊತ್ತಿಗೆ ಯಾರಾದರೂ ಸೀನಿದರೆ, ಒಂದೋ ಎರಡೋ ಅನ್ನುವುದನ್ನು ಹಳೆಯ ಕಾಲದ ಓದುಗರು ಎಣಿಸಿಯೇ ಎಣಿಸುತ್ತಾರೆ. ಅದು ಬೇಡವಾದರೆ ಸೀನನ್ನೇ ತೆಗೆದುಬಿಡಿ. ಮಗು ಸೀನಿದರೆ ಪಕ್ಕದಲ್ಲಿ ಯಾರಾದರೂ "ಚಿರಂಜೀವಿ" ಅನ್ನಬೇಕು. ಆ ಒಂದು ಮಾತು ಬಂದರೆ ಅಕ್ಷೀ ಅಂತ ಬರೆಯುವ ಅಗತ್ಯವೇ ಇಲ್ಲ.

ನಾಲಿಗೆಯ ಲೊಚಗುಟ್ಟುವಿಕೆ ಬಹಳ ಕುತೂಹಲದ್ದು. ಅಯ್ಯೋ ಪಾಪ ಅನ್ನುವಾಗ ನಾಲಿಗೆಯ ತುದಿಯನ್ನು ಹಲ್ಲಿನ ಹಿಂದೆ ಒತ್ತಿ ಚಕ್ಕನೆ ಬಿಡುತ್ತೇವಲ್ಲ, ಆ ಸದ್ದು. ದಕ್ಷಿಣ ಆಫ್ರಿಕಾದ ಜುಲು, ಕೋಸಾ ಭಾಷೆಗಳಲ್ಲಿ ಇದು ಮಾಮೂಲಿ ವ್ಯಂಜನ. ಅದಕ್ಕೊಂದು ಅಕ್ಷರವೂ ಇದೆ, ಹೆಸರುಗಳಲ್ಲೂ ಬರುತ್ತದೆ. ನಮಗೆ ಅದು ಅಕ್ಷರವಲ್ಲ, ಆದರೆ ಅರ್ಥ ಪೂರ್ತಿ ಇದೆ. "ಚು ಚು ಚು", "ತ್ಚು ತ್ಚು" ಅಂತೆಲ್ಲ ಬರೆಯುತ್ತಾರೆ. ಗಟ್ಟಿಯಾಗಿ ಓದಿದರೆ ನಾಯಿಮರಿ ಕರೆದ ಹಾಗೆ ಕೇಳುತ್ತದೆ. "ಲೊಚಗುಟ್ಟಿದಳು" ಅನ್ನುವುದೇ ಚೆಂದ. ಹಲ್ಲಿಗೂ ಇದೇ ಪದ. ಹಲ್ಲಿ ಲೊಚಗುಟ್ಟಿದರೆ "ಕೃಷ್ಣ ಕೃಷ್ಣ" ಅಂತ ನೆಲ ತಟ್ಟುವವರು ಈಗಲೂ ಇದ್ದಾರೆ. ಒಂದೇ ಪದ ಗೋಡೆಯ ಮೇಲಿನ ಹಲ್ಲಿಗೂ ಮರುಗುವ ಅತ್ತೆಗೂ ಸಲ್ಲುವುದು ಬರಹಗಾರರಿಗೆ ಒದಗಿದ ಭಾಗ್ಯ.

ಬಿಕ್ಕಳಿಕೆಯಲ್ಲಿ ಸದ್ದಿಗಿಂತ ಮಾತು ಮುರಿಯುವುದು ಮುಖ್ಯ. ಎದೆಗೂ ಹೊಟ್ಟೆಗೂ ನಡುವಿನ ವಪೆ ಅನ್ನುವ ಸ್ನಾಯು ಸೆಟೆದು, ಒಳಗೆ ನುಗ್ಗಿದ ಗಾಳಿಗೆ ಗಂಟಲು ಥಟ್ಟನೆ ಮುಚ್ಚಿಕೊಳ್ಳುತ್ತದೆ. ಅದು ಪದದ ನಡುವೆಯೇ ಬಂದುಬಿಡುತ್ತದೆ. "ನಾನು ಕುಡಿ... ಹಿಕ್... ದಿಲ್ಲ ಮಾರಾಯ" ಅಂತ ಪದವನ್ನೇ ಒಡೆದರೆ ನಿಜ ಅನಿಸುತ್ತದೆ. ಪದ ಮುಗಿದ ಮೇಲೆ ಹಿಕ್ ಹಾಕಿದರೆ ನಾಟಕ ಅನಿಸುತ್ತದೆ. ಅಳುವಾಗಲೂ ಇದೇ "ಬಿಕ್ಕು". ಬಿಕ್ಕಿ ಬಿಕ್ಕಿ ಅತ್ತಳು ಅಂದರೆ ಆ ತಡೆತಡೆದು ಬರುವ ಉಸಿರು ಪದದೊಳಗೇ ಇದೆ.

ತೇಗಿಗೆ "ಡರ್ರನೆ ತೇಗಿದ" ಸಾಕು. ಊಟ ಚೆನ್ನಾಗಿತ್ತು ಅನ್ನುವುದೂ ಅದರಲ್ಲೇ ಬಂತು. ಹೊಟ್ಟೆ ಕೆಟ್ಟಿದ್ದರೆ ಹುಳಿತೇಗು ಅನ್ನಿ. ಆಕಳಿಕೆಗೆ ಸದ್ದು ಬೇಡ, ಬಾಯ ಮುಂದೆ ಚಿಟಿಕೆ ಹೊಡೆಯುವ ಕೈ ತೋರಿಸಿ. ಹೂಸಿಗೆ ಪುಸ್, ಟುಸ್, ಡರ್ ಎಲ್ಲ ಇವೆ. ಮಕ್ಕಳ ಕಥೆಯಲ್ಲಿ ಧಾರಾಳವಾಗಿ ಬಳಸಿ, ಅವರು ಅದಕ್ಕೆಂದೇ ಪುಟ ತಿರುಗಿಸುತ್ತಾರೆ.

ನಗು ಮಾತ್ರ ದೊಡ್ಡ ಸಂಸಾರ. ಮಗು ಕಿಲಕಿಲ ನಗುತ್ತದೆ. ಗುಂಪು ಗೊಳ್ಳೆಂದು ನಗುತ್ತದೆ, ಒಬ್ಬರೇ ಗೊಳ್ಳೆಂದು ನಕ್ಕರು ಅಂದರೆ ಕಿವಿಗೆ ಒಗ್ಗುವುದಿಲ್ಲ. ಮುಸಿಮುಸಿ ನಗುವಿಗೆ ಕೈ ಅಥವಾ ಸೆರಗು ಅಡ್ಡ ಬೇಕು. ಕಿಸಕ್ಕನೆ ನಕ್ಕವರು ತಡೆಯಲು ನೋಡಿ ಸೋತವರು. ಗಹಗಹಿಸಿ ನಗುವವರಿಗೆ ಸ್ವಲ್ಪ ಅಧಿಕಾರ ಇರುತ್ತದೆ. ಇಷ್ಟೆಲ್ಲ ಕೈಗೆಟುಕುವ ಹಾಗಿರುವಾಗ "ಹಹಹಹ" ಅಂತ ಒಂದೇ ಅಕ್ಷರವನ್ನು ಸಾಲುಹಾಕಿದರೆ ಯಾರು ನಕ್ಕರು, ಯಾಕೆ ನಕ್ಕರು ಎರಡೂ ಕಳೆದುಹೋಗುತ್ತವೆ. ಮೊಬೈಲ್ ಸಂದೇಶಕ್ಕೆ ಅದು ಸರಿ, ಅಲ್ಲಿ ನಗುವವರು ಯಾರೆಂದು ಮೊದಲೇ ಗೊತ್ತಿರುತ್ತದೆ.

ಸದ್ದೇ ಇಲ್ಲದ ಕಡೆಯೂ ಕನ್ನಡ ಇದೇ ಕಟ್ಟಣೆ ಬಳಸುತ್ತದೆ ಅನ್ನುವುದನ್ನು ಮರೆಯಬೇಡಿ. ಎದೆ ಡವಡವ ಅನ್ನುವುದಾದರೂ ಕಿವಿಗೆ ಸಿಗುವಂಥದ್ದು. ಎದೆ ಧಸಕ್ಕೆಂದಿತು, ಝಲ್ಲೆಂದಿತು ಅಂದಾಗ ಯಾವ ಸದ್ದೂ ಆಗಿಲ್ಲ. ತಲೆ ಧಿಮ್ಮೆಂದಿತು, ಮೈ ಜುಮ್ಮೆಂದಿತು, ಹೊಟ್ಟೆ ಚುರುಗುಟ್ಟಿತು, ಕರುಳು ಚುರ್ರೆಂದಿತು. ಮೈಯೊಳಗೆ ಆಗುವುದನ್ನೆಲ್ಲ ಸದ್ದಿನ ರೂಪದಲ್ಲಿ ಹಿಡಿಯುವ ಈ ಶಕ್ತಿ ಕಥೆಗಾರರಿಗೆ ಚಿನ್ನ. ರಾಯರ ಆ ಪ್ರಶ್ನೆ ಕೇಳಿ ಹುಡುಗನ ಎದೆ ಧಸಕ್ಕೆಂದಿತು ಅಂತ ಬರೆದರೆ, ಅವನಿಗೆ ಕೆಲಸ ಇಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಟೈಪಿಂಗ್ ವಿಷಯ. ಇಂಗ್ಲಿಷಿನಲ್ಲಿ ಸದ್ದು ಎಳೆಯಬೇಕಾದರೆ ಅಕ್ಷರವನ್ನು ಮತ್ತೆ ಮತ್ತೆ ಒತ್ತುತ್ತಾರೆ. ಕನ್ನಡದಲ್ಲಿ ವ್ಯಂಜನವನ್ನು ಹಾಗೆ ಒತ್ತಿದರೆ ಒತ್ತಕ್ಷರಗಳು ಒಂದರ ಕೆಳಗೊಂದು ಇಳಿಯುತ್ತವೆ. "ಹ್ಮ್ಮ್ಮ್" ನೋಡಿ, ಉದ್ದವಾಗುವ ಬದಲು ಆಳವಾಗಿದೆ. ಕೆಲವು ಫಾಂಟ್‌ಗಳಲ್ಲಿ ಕೆಳಗಿನ ಸಾಲಿಗೂ ತಾಗುತ್ತದೆ. ಎಳೆಯುವುದಿದ್ದರೆ ಸ್ವರವನ್ನು ಎಳೆಯಿರಿ. ನಮ್ಮ ವ್ಯಾಕರಣದಲ್ಲಿ ಹ್ರಸ್ವಕ್ಕೆ 1 ಮಾತ್ರೆ, ದೀರ್ಘಕ್ಕೆ 2, ಪ್ಲುತಕ್ಕೆ 3. ದೂರದವರನ್ನು ಕೂಗುವಾಗ, ಹಾಡುವಾಗ, ಅಳುವಾಗ ಬರುವುದೇ ಪ್ಲುತ. ಅದನ್ನು ತೋರಿಸಲು ಅವಗ್ರಹ ಚಿಹ್ನೆ ಬಳಸುತ್ತಾರೆ: "ಅಮ್ಮಾಽಽ", "ಹೂಂಽ". ತುಂಬಾ ಜನ ಅದರ ಜಾಗದಲ್ಲಿ ಇಂಗ್ಲಿಷಿನ ಎಸ್ ಅಕ್ಷರ ಒತ್ತಿಬಿಡುತ್ತಾರೆ, ನೋಡಲು ಒಂದೇ ಥರ ಇದೆಯಲ್ಲ ಅಂತ. ಫಾಂಟ್ ಬದಲಾದ ಕೂಡಲೇ ಅದು ಬೇರೆಯಾಗಿ ಎದ್ದು ಕಾಣುತ್ತದೆ. ಯುನಿಕೋಡ್‌ನಲ್ಲಿ ಕನ್ನಡದ ಅವಗ್ರಹಕ್ಕೆ ಅದರದೇ ಜಾಗ ಇದೆ, ಕೀಲಿಮಣೆಯಲ್ಲಿ ಹುಡುಕಿಟ್ಟುಕೊಳ್ಳಿ.

ಮೂಗಿನ ಸದ್ದಿಗೆ ಹಳಬರು ಞಕಾರ ಬಳಸಿ "ಹ್ಞಾಂ", "ಹ್ಞೂಂ" ಎಂದು ಬರೆಯುತ್ತಿದ್ದರು. ಈಗ ಞ ನಮಗೆ ಹೆಚ್ಚಾಗಿ ಕಾಣುವುದು ಜ್ಞಾನ, ಆಜ್ಞೆಯಂಥ ಪದಗಳಲ್ಲಿ ಮಾತ್ರ. ಹ್ಞೂಂ ಬರೆದರೆ ತಪ್ಪಿಲ್ಲ. ಹಳ್ಳಿಯ ಹಿರಿಯರ ಬಾಯಲ್ಲಿ ಅದು ಹೆಚ್ಚು ಒಪ್ಪುತ್ತದೆ, ಕಾಲೇಜು ಹುಡುಗಿಯ ಬಾಯಲ್ಲಿ ಸರಳ "ಹೂಂ" ಇರಲಿ.

ಇನ್ನೊಂದು ಸಣ್ಣ ಸಂಗತಿ. "ಖೊಕ್‌ಖೊಕ್" ಅಂತ ಸೇರಿಸಿ ಬರೆಯಲು ಹೋದರೆ ಅದು "ಖೊಕ್ಖೊಕ್" ಆಗುತ್ತದೆ. "ರಾಜ್‌ಕುಮಾರ್" ಬರೆಯಲು ಹೋಗಿ "ರಾಜ್ಕುಮಾರ್" ಆಗುತ್ತದಲ್ಲ, ಅದೇ ತೊಂದರೆ. ಅರ್ಧಾಕ್ಷರ ಹಾಗೇ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಚಿಹ್ನೆ ಹಾಕಬೇಕು. ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಅದು ನಿಮ್ಮ ಕೀಲಿಮಣೆಯಲ್ಲಿ ಸಿಗದಿದ್ದರೆ ಎರಡರ ನಡುವೆ ಒಂದು ಸ್ಪೇಸ್ ಬಿಡಿ. ಕೆಮ್ಮಿನ ನಡುವೆ ಉಸಿರು ತೆಗೆದುಕೊಳ್ಳಲು ಜಾಗ ಬೇಕೇ ಬೇಕು, ಅದು ಓದುವುದಕ್ಕೂ ಚೆನ್ನಾಗಿರುತ್ತದೆ.